ಬೆನ್ನು ಬಾಗಿದರೆ ಗಾಡಿ ನಿಲ್ಲುತ್ತದೆ

ಹೊಸ ಪಿಕಪ್ ಕೊಳ್ಳಲು ಬಂದವರು ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ಎವರೇಜ್ ಎಷ್ಟ ಕೊಡ್ತೈತ್ರಿ?" ಲೀಟರ್ ಡೀಸೆಲ್‌ಗೆ ಎಷ್ಟು ದೂರ ಓಡುತ್ತದೆ ಎಂದು ಅರ್ಥ. ಎರಡನೆಯದು, "ಎಷ್ಟ ಹೇರಬಹುದ್ರಿ?" ಮೂರನೆಯದು ಬಣ್ಣದ ವಿಚಾರ. ರಾಣೆಬೆನ್ನೂರಿನ ಹೆದ್ದಾರಿ ಪಕ್ಕದ ವರ್ಕ್‌ಶಾಪಿನಲ್ಲಿ ಕೂದಲು ಕಪ್ಪಿದ್ದಾಗ ಸೇರಿ, ಬೆಳ್ಳಗಾದ ಮೇಲೆ ಹೊರಬಂದವನು ನಾನು. ಅಷ್ಟು ವರ್ಷಗಳಲ್ಲಿ "ಈ ಗಾಡಿ ಎಷ್ಟರಾಗ ನಿಂದ್ರತೈತ್ರಿ?" ಎಂದು, ಅಂದರೆ ಬ್ರೇಕ್ ಒತ್ತಿದ ಮೇಲೆ ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂದು, ಕೇಳಿದವರು ಒಬ್ಬರೇ. ಆಕೆ ಗಾಡಿ ಕೊಳ್ಳಲು ಬಂದವಳೂ ಅಲ್ಲ, ಓಡಿಸುವವಳೂ ಅಲ್ಲ. ಆಕೆಯ ಸುದ್ದಿ ಮುಂದೆ ಬರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಎಂದು ಮೆಕ್ಯಾನಿಕ್ ಆದೆ, ಎಂದು ಸುಪರ್‌ವೈಸರ್ ಆದೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೆ ಅದು ಬೇಡವೇ ಬೇಡ. ಹೇಳಬೇಕೆನಿಸಿದ್ದು ಬೇರೆ. ಪಿಕಪ್ ಎಂಬುದು ಎಂಥ ಅಚ್ಚರಿಯ ವಸ್ತು ಎನ್ನುವುದನ್ನು ದಿನಾ ಅದರ ಹೊಟ್ಟೆಯ ಕೆಳಗೆ ಮಲಗುವ ನಾವೇ ಮರೆತುಬಿಡುತ್ತೇವೆ. ಕಡಿಮೆ ಮೇಯಬೇಕು, ಹೆಚ್ಚು ಹೊರಬೇಕು, ಹೇಳಿದಷ್ಟು ಜಗ್ಗಬೇಕು, ಯಾರನ್ನೂ ಹಾಯಬಾರದು. ಇಂಥ ಎತ್ತು ಹಾವೇರಿಯ ದನದ ಪೇಟೆಯಲ್ಲಿಯೂ ಸಿಕ್ಕುವುದಿಲ್ಲ. ಗಾಡಿಗೆ ಮಾತ್ರ ನಾವು ಎಲ್ಲವನ್ನೂ ಒಟ್ಟಿಗೇ ಕೇಳುತ್ತೇವೆ. ಹಗುರ ಮಾಡಿದರೆ ಡೀಸೆಲ್ ಉಳಿಯುತ್ತದೆ, ಗುದ್ದಿದಾಗ ಒಳಗಿದ್ದವರನ್ನು ಕಾಯುವುದು ಕಷ್ಟವಾಗುತ್ತದೆ. ಗಟ್ಟಿ ಮಾಡಿದರೆ ತೂಕ ಏರಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ಈ ಜಗ್ಗಾಟದಲ್ಲಿ ಎಲ್ಲಿಯೋ ಕುಳಿತವರು ಒಂದು ದಾರಿ ಹುಡುಕಿ ಗಾಡಿ ಮಾಡಿ ಕಳಿಸುತ್ತಾರೆ. ಅವರ ಮುಖ ನಾನು ಕಂಡಿಲ್ಲ, ಹೆಸರೂ ಗೊತ್ತಿಲ್ಲ. ಆದರೂ ಅವರನ್ನು ನೆನೆದಾಗ ಕೈ ಮುಗಿಯಬೇಕು ಅನ್ನಿಸುತ್ತದೆ.

ಹೀಗೆ ಅಚ್ಚರಿಪಡುವುದನ್ನು ನನಗೆ ಕಲಿಸಿದವರು ಇನಾಮದಾರ ಸಾಹೇಬರು, ನಮ್ಮ ವರ್ಕ್ಸ್ ಮ್ಯಾನೇಜರು. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಂದು ದಿನವಿಡೀ ಗ್ರೀಸು, ಆಯಿಲ್ ನಡುವೆ ಓಡಾಡಿ, ಸಂಜೆ ಅದೇ ಬಿಳಿ ಅಂಗಿಯಲ್ಲಿ ಹೋಗುತ್ತಿದ್ದರು. ಅದು ಹೇಗೆ ಸಾಧ್ಯ ಎಂಬುದು ನಮಗೆ ಇಂದಿಗೂ ಬಗೆಹರಿದಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬ್ರೇಕಿನ ಕೆಲಸ ಮಾಡಿದ ಗಾಡಿಯನ್ನು ಒಂದು ಸುತ್ತು ಓಡಿಸದೆ ಬಿಟ್ಟವನ ಗತಿ ಮುಗಿಯಿತೆಂದೇ ಲೆಕ್ಕ. ಓಡಿಸಿ ತಂದು ನಿಲ್ಲಿಸಿದ ಮೇಲೆ ಅವರು ಕೈಯ ಹಿಂಬದಿಯನ್ನು ಒಂದೊಂದೇ ಗಾಲಿಯ ನಡುಭಾಗದ ಹತ್ತಿರ ಹಿಡಿಯುತ್ತಿದ್ದರು. ಮುಟ್ಟುತ್ತಿರಲಿಲ್ಲ. ಮಗುವಿಗೆ ಜ್ವರ ಬಂದಿದೆಯೇ ಎಂದು ತಾಯಿ ನೋಡುವ ಹಾಗೆ.

"ಪೆಡಲ್ ಸುಳ್ಳ ಹೇಳ್ತದ, ಗಿರಾಕಿ ಸುಳ್ಳ ಹೇಳ್ತಾನ," ಎಂದು ನನಗೆ ಹೇಳುತ್ತಿದ್ದರು. "ಕಾವು ಸುಳ್ಳ ಹೇಳೂದಿಲ್ಲೋ ಚಂದ್ರು. ಯಾವ ಗಾಲಿ ದುಡದದ, ಯಾವುದು ಮೈಗಳ್ಳ ಅದ, ಬಿಸಿನ ಹೇಳ್ತದ."

ಸೇರಿದ ಹೊಸತರಲ್ಲಿ ನಾನು ಹತ್ತಿರ ಹಿಡಿಯುವ ಬದಲು ಮುಟ್ಟಿಯೇಬಿಟ್ಟೆ. ಬೆರಳುಗಳ ಮೇಲೆ ಬೊಬ್ಬೆ ಎದ್ದವು. ಸಾಹೇಬರು ಮುಲಾಮು ಕೊಡಿಸಿ, "ಚಲೋ ಆತು, ಇನ್ನ ಸಾಯೂತನಾ ಮರಿಯೂದಿಲ್ಲ ನೀ," ಎಂದರು. ಅವರ ಮಾತು ಖರೆಯಾಯಿತು.

ಆಗಿನ ಗಾಡಿಗಳ ತಗಡು ದಪ್ಪ. ಬಾನೆಟ್ ಮೇಲೆ ಹಮಾಲರು ನಿಂತು ಚೀಲ ಎತ್ತಿದರೂ ಕುಗ್ಗುತ್ತಿರಲಿಲ್ಲ. ಅಂಥ ಗಾಡಿ ಗುದ್ದಿದರೆ ಬಂಪರ್ ಸೊಟ್ಟಗಾಗುತ್ತಿತ್ತು, ಅಷ್ಟೇ. "ಗಾಡಿ ಅಂದ್ರ ಹಿಂಗಿರಬೇಕು" ಎಂದು ನಾವು ಹೆಮ್ಮೆಪಡುತ್ತಿದ್ದೆವು. ಅದನ್ನು ಓಡಿಸುತ್ತಿದ್ದವನ ಎದೆಗೆ ಸ್ಟೀರಿಂಗ್ ಬಡಿದು ಏನಾಯಿತು ಎಂಬುದು ನಮ್ಮ ವರ್ಕ್‌ಶಾಪಿಗೆ ಬರುತ್ತಿರಲಿಲ್ಲ, ಆಸ್ಪತ್ರೆಗೆ ಹೋಗುತ್ತಿತ್ತು. ಆಮೇಲೆ ಹೊಸ ಕಾಲದ ಪಿಕಪ್ ಬಂತು. ನೋಡಲು ಚೆಂದ, ತಗಡು ಮಾತ್ರ ತೆಳು. ನಮ್ಮ ಜನ ಕುಂಬಾರನ ಮುಂದೆ ಗಡಿಗೆ ಬಾರಿಸಿ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಬಾಗಿಲು ಬಾರಿಸಿ, "ಡಬ್ಬಿ ಐತ್ರಿ ಇದು" ಎಂದು ತೀರ್ಪು ಕೊಟ್ಟರು. ನಾನೂ ಗುಟ್ಟಾಗಿ ಬಾರಿಸಿ ನೋಡಿದೆ. ನನಗೂ ಡಬ್ಬಿ ಅಂತಲೇ ಅನ್ನಿಸಿತು.

ಒಂದು ಬೆಳಿಗ್ಗೆ ಅಂಥದೊಂದು ಡಬ್ಬಿಯನ್ನು ಲಾರಿಯ ಹಿಂದೆ ಕಟ್ಟಿ ಎಳೆದು ತಂದರು. ಹೆದ್ದಾರಿಯಲ್ಲಿ ನಿಂತ ಲಾರಿಗೆ ಹಿಂದಿನಿಂದ ಹೊಡೆದಿತ್ತು. ಮುಂಭಾಗ ಹಪ್ಪಳ ಪುಡಿಯಾದಂತಾಗಿತ್ತು. ಇದನ್ನು ಓಡಿಸುತ್ತಿದ್ದವನು ಉಳಿದಿರಲಾರ ಎಂದುಕೊಂಡು ನಾನು ಎಳೆದು ತಂದವರ ಜೊತೆ ನಿಂತಿದ್ದ ಒಬ್ಬನನ್ನು ಮೆಲ್ಲಗೆ ಕೇಳಿದೆ, "ಡ್ರೈವರ್ ಎಲ್ಲಿಯವನಪಾ, ಪಾಪ?"

"ಹೊಸರಿತ್ತಿಯಾಂವ ರಿ. ನಾನ ರಿ ಅಂವಾ," ಎಂದ ಅವನು. ಒಂದು ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಚಹಾದ ಕಪ್ಪು ಇತ್ತು.

ಇನಾಮದಾರ ಸಾಹೇಬರು ಪುಡಿಯಾದ ಮುಂಭಾಗವನ್ನು ನೋಡಲೇ ಇಲ್ಲ. ನೇರ ಹೋಗಿ ಡ್ರೈವರ್ ಬಾಗಿಲಿನ ಹಿಡಿಕೆ ಎಳೆದರು. ಬಾಗಿಲು ಹೊಸ ಗಾಡಿಯದರಂತೆ ಮೆತ್ತಗೆ ತೆರೆದುಕೊಂಡಿತು. ಅವರು ಅದನ್ನು ಮುಚ್ಚಿದರು, ಮತ್ತೆ ತೆರೆದರು. "ಬಾಗಲಾ ತಗೀತದ ನೋಡ್ರೋ," ಎಂದರು ನಮ್ಮೆಲ್ಲರನ್ನೂ ಕರೆದು. "ಹೊಡತ ಇಲ್ಲೀತನಾ ಬಂದ ಇಲ್ಲ. ತನ್ನ ಮಾರಿ ಮುರಕೊಂಡು ಒಳಗಿನ ಮನಷ್ಯಾನ್ನ ಉಳಸೇದ. ಇದನ್ನ ಡಬ್ಬಿ ಅಂದವರು ಯಾರು?" ನಾನಂತೂ ಸ್ಪಾನರ್ ಹುಡುಕುವವನ ಹಾಗೆ ನೆಲ ನೋಡಿದೆ.

ಆ ಗಾಡಿಯ ರಿಪೇರಿಯಲ್ಲೇ ಇನ್ನೊಂದು ಪಾಠವೂ ಆಯಿತು. ನಮ್ಮ ಡೆಂಟಿಂಗ್ ಮಿಸ್ತ್ರಿ ಹಳೆಯ ರೂಢಿಯಂತೆ ಕ್ಯಾಬಿನ್ ಕಂಬದ ಬುಡಕ್ಕೆ ಗ್ಯಾಸ್ ಹಿಡಿದು ಕೆಂಪಗೆ ಕಾಸಿ, ಬಡಿದು ನೇರ ಮಾಡಿದ. ಹಾಗೆ ಕಾಸಬಾರದೆಂದು ಕಂಪನಿಯವರು ಹೇಳಿದ್ದರು, ನಾವು ಕೇಳಿ ನಕ್ಕಿದ್ದೆವು. ಸಾಹೇಬರು ಆ ಭಾಗವನ್ನು ಕತ್ತರಿಸಿ ತೆಗೆಸಿದರು. ಕಾಸಿದ ತುಂಡು ಒಂದು, ಕಾಸದ ತುಂಡು ಒಂದು ವೈಸ್‌ಗೆ ಕಚ್ಚಿಸಿ, ಮಿಸ್ತ್ರಿಯ ಕೈಗೇ ಡ್ರಿಲ್ ಮಷಿನ್ ಕೊಟ್ಟರು. ಕಾಸಿದ ತುಂಡಿನಲ್ಲಿ ಬಿಟ್ ಬಾಳೆದಿಂಡಿಗೆ ಚಾಕು ಹೋದಂತೆ ಹೋಯಿತು. ಕಾಸದ ತುಂಡಿನ ಮೇಲೆ ಕಿರ್ರೆಂದು ಕೂಗಿ, ಜಾರಿ, ತುದಿ ಮೊಂಡಾಯಿತು. ಎರಡೂ ಒಂದೇ ಕಂಬದ ತುಂಡುಗಳು, ಎರಡೂ ನನ್ನ ಉಗುರಿಗಿಂತ ಸ್ವಲ್ಪ ದಪ್ಪ ಅಷ್ಟೇ. ತೆಳುವಾದದ್ದು ಇಷ್ಟು ಗಟ್ಟಿ ಇರಬಲ್ಲದು ಎಂದು ನಾನು ಅಂದು ಕಣ್ಣಾರೆ ಕಂಡೆ. ತೂಕ ಇಳಿಸಿ ಜೀವ ಉಳಿಸುವ ಉಪಾಯ ಆ ತಗಡಿನೊಳಗೆ ಅಡಗಿತ್ತು. ನಾವು ಅದನ್ನು ಗ್ಯಾಸ್ ಹಚ್ಚಿ ಸುಡುತ್ತಿದ್ದೆವು.

ಇನ್ನು ಫಕ್ಕೀರಪ್ಪ. ಕದರಮಂಡಲಗಿಯವನು, ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಬಾಡಿಗೆಗೆ ಪಿಕಪ್ ಓಡಿಸುತ್ತಿದ್ದ. ಬ್ಯಾಡಗಿ ಗಾಡಿಗಳು ಬಂದರೆ ನಮಗೆ ನೋಡದೆಯೇ ತಿಳಿಯುತ್ತಿತ್ತು, ಗೇಟಿನ ಕಾವಲುಗಾರ ಸೀನುತ್ತಿದ್ದ. ಫಕ್ಕೀರಪ್ಪನ ಗಾಡಿ ಬಂದರೆ ಸೀನಿನ ಹಿಂದೆಯೇ ಅವನ ದೂರೂ ಬರುತ್ತಿತ್ತು. "ಚಂದ್ರಣ್ಣಾರ, ಎವರೇಜ್ ಬಿದ್ದ ಹೋಗೇತ್ರಿ. ನೀವು ಎಂಜಿನ್‌ಕ ಏನರ ಮಾಡೀರಿ."

ಎವರೇಜಿಗಾಗಿ ಅವನು ಮಾಡದ ವ್ರತವಿಲ್ಲ. ತೂಕ ಇಳಿಯಲೆಂದು ಸ್ಟೆಪ್ನಿ ಗಾಲಿ ಮನೆಯಲ್ಲಿಟ್ಟ. ಜಾಕ್ ಇಳಿಸಿದ. ಹಿಂದಿನ ಸೀಟಿಲ್ಲದ ಗಾಡಿಯಲ್ಲಿ ಇನ್ನೇನು ಇಳಿಸುವುದೆಂದು ನೆಲಹಾಸನ್ನೂ ತೆಗೆದ. ಅದೇ ಮನುಷ್ಯ ಇನ್ನೊಂದು ಕಡೆ, ಚೀಲ ಎತ್ತರಕ್ಕೆ ಒಟ್ಟಲೆಂದು ಕಬ್ಬಿಣದ ದೊಡ್ಡ ಜಾಳಿ ಮಾಡಿಸಿ ಕೂಡಿಸಿದ್ದ. ಕಪ್ಪೆಯನ್ನು ತಕ್ಕಡಿಯಿಂದ ಇಳಿಸಿ ಎಮ್ಮೆಯನ್ನು ಹತ್ತಿಸಿದಂತೆ ಎಂದು ನಾವು ನಗುತ್ತಿದ್ದೆವು.

ಸಾಹೇಬರು ಅವನ ಕಾಟ ತಾಳದೆ ನನ್ನನ್ನು ಅವನ ಜೊತೆ ಎರಡು ಸಲ ಹಾವೇರಿ ತನಕ ಕಳಿಸಿದರು. ಒಂದು ಸಲ ಗೋವಿನಜೋಳದ ಚೀಲ, ತಗ್ಗಾಗಿ ಒಟ್ಟಿ. ಇನ್ನೊಂದು ಸಲ ಒಣಮೆಣಸಿನಕಾಯಿ, ಜಾಳಿಯ ತುದಿ ತನಕ. ತೂಕದಲ್ಲಿ ಮೆಣಸಿನಕಾಯಿ ಗೋವಿನಜೋಳದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಜೋರಾಗಿ ಓಡಿಸಿದಾಗ ಹೆಚ್ಚು ಡೀಸೆಲ್ ಕುಡಿದದ್ದು ಮೆಣಸಿನಕಾಯಿಯ ಗಾಡಿ. ಫಕ್ಕೀರಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೋಟೆಬೆನ್ನೂರ ಹತ್ತಿರ ಗಾಡಿ ನಿಲ್ಲಿಸಿ ಕೆಳಗಿಳಿದಾಗ ಗಾಳಿ ಅಂಗಿಯನ್ನು ಪಟಪಟ ಬಡಿಯುತ್ತಿತ್ತು. ಆಗ ಹೊಳೆಯಿತು. ಇಡೀ ದಾರಿ ಆ ಗಾಡಿ ಚೀಲ ಹೊತ್ತಿರಲಿಲ್ಲ, ಗಾಳಿಯ ಗೋಡೆಯನ್ನು ನೂಕುತ್ತ ಬಂದಿತ್ತು. ಕಣ್ಣಿಗೆ ಕಾಣದ, ಕೈಗೆ ಸಿಗದ ಗಾಳಿಗೂ ಬಾಡಿಗೆ ತೆರಬೇಕಾಗುತ್ತದೆ ಎಂದು ತಿಳಿದು ನನಗೆ ಮೈ ಜುಮ್ಮೆಂದಿತು. ಫಕ್ಕೀರಪ್ಪನಿಗೆ ಜುಮ್ಮೆನ್ನಲಿಲ್ಲ. "ಗಾಳಿ ಬಾಡಿಗಿ ಯಾರ್ನ ಕೇಳೂನ್ರಿ ಈಗ?" ಎಂದ. ಆದರೆ ಮರುವಾರ ಜಾಳಿಯ ಮೇಲಿನ ಅರ್ಧ ಕತ್ತರಿಸಿದ್ದ.

ಅವನ ನಿಜವಾದ ತೊಂದರೆ ಇದಲ್ಲ. ಅದು ಗಾಡಿಯ ಬೆನ್ನಿನಲ್ಲಿತ್ತು.

ನಮ್ಮ ಸೀಮೆಯಲ್ಲಿ ಪಿಕಪ್ ಕೊಂಡವರು ಮೊದಲು ಕದರಮಂಡಲಗಿ ಹಣಮಪ್ಪನ ಗುಡಿಗೆ ಒಯ್ದು ಪೂಜೆ ಮಾಡಿಸುತ್ತಾರೆ. ಅಲ್ಲಿಂದ ನೇರ ಬ್ಯಾಡಗಿಯ ರಾಜೇಸಾಬನ ಅಂಗಡಿಗೆ. ಹಿಂದಿನ ಗಾಲಿಗಳ ಮೇಲೆ ಗಾಡಿಯ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳಿಗೆ ನಾವು ಪಾಟಾ ಎನ್ನುತ್ತೇವೆ. ಕಂಪನಿ ಹಾಕಿ ಕಳಿಸಿದ ಪಾಟಾದ ಮೇಲೆ ಇನ್ನೆರಡು ಹೆಚ್ಚಿನ ಪಾಟಾ ಹಾಕಿಸುವುದು ಇಲ್ಲಿಯ ರಿವಾಜು. ಕೆಲವರು ಮೊದಲು ರಾಜೇಸಾಬನ ಹತ್ತಿರ ಹೋಗಿ ಆಮೇಲೆ ಹಣಮಪ್ಪನಲ್ಲಿಗೆ ಹೋಗುವುದೂ ಉಂಟು. ಯಾಕೆಂದರೆ ಪೇಟೆಯಲ್ಲಿ ಹೇರಿದ ಮೇಲೆ ಹಿಂಭಾಗ ಕುಸಿದ ಗಾಡಿಗೆ ಮರ್ಯಾದೆ ಇಲ್ಲ. "ನಡಾ ಬಿದ್ದ ಗಾಡಿ" ಎಂದು ಹಮಾಲರು ನಗುತ್ತಾರೆ, ವ್ಯಾಪಾರಿಗಳು ಬೇರೆ ಗಾಡಿಗೆ ಕೈ ಮಾಡುತ್ತಾರೆ. ಪಾಟಾ ಹೆಚ್ಚಾದರೆ ಗಾಡಿಯ ತಾಕತ್ತು ಹೆಚ್ಚಾಯಿತು ಎಂದೇ ಎಲ್ಲರ ನಂಬಿಕೆ. ಟೈರು, ಬ್ರೇಕು, ಚಾಸಿ ಎಲ್ಲ ಅಷ್ಟೇ ಇರುತ್ತವೆ ಎಂದು ಯಾರು ಹೇಳಿದರೂ ಯಾರು ಕೇಳುತ್ತಾರೆ?

ಗೋವಿನಜೋಳದ ಸುಗ್ಗಿ ಹತ್ತಿರ ಬಂದಾಗ ಫಕ್ಕೀರಪ್ಪ ಹೊಸ ದೂರು ತಂದ. ಈ ಸಲ ಜೊತೆಗೆ ಅವನ ಹೆಂಡತಿ ನೀಲವ್ವ ಇದ್ದಳು. ಗಂಡನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟಿದ್ದಳು. ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಮೈ ಉರಿಯದಿರಲೆಂದು ತೊಡುವುದು ಹಾಗೆಯೇ.

"ಖಾಲಿ ಇದ್ದಾಗ ಬ್ರೇಕ್ ಚಲೋ ಹಿಡಿತೈತ್ರಿ," ಎಂದ ಫಕ್ಕೀರಪ್ಪ. "ಹೇರಿದ ಮ್ಯಾಲೆ ಮುಂದ ಮುಂದ ಹೊಕ್ಕೈತಿ."

ನಾವು ಲೈನಿಂಗ್ ನೋಡಿದೆವು, ಆಯಿಲ್ ನೋಡಿದೆವು, ಓಡಿಸಿ ನೋಡಿದೆವು. ಎಲ್ಲ ಸರಿ ಇತ್ತು. ಗಾಡಿ ಕೊಟ್ಟು ಕಳಿಸಿದೆವು. ಎಂಟು ದಿನಕ್ಕೆ ಇಬ್ಬರೂ ಮತ್ತೆ ಬಂದರು, ಅದೇ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನಿಗೆ ಓಡಿಸಲು ಬಾರದು ಎಂದು ನಮ್ಮ ಮೆಕ್ಯಾನಿಕ್ ಒಬ್ಬ ಗೊಣಗಿದ. ಆಗ ನೀಲವ್ವ ಮುಂದೆ ಬಂದು ನನ್ನನ್ನು ಕೇಳಿದಳು.

"ಅಣ್ಣಾರ, ಹೇರಿದ ಗಾಡಿ ಎಷ್ಟರಾಗ ನಿಂದ್ರತೈತ್ರಿ?"

"ಅದ್ಯಾಕವ್ವಾ ನಿನಗ?"

"ಈ ಸುಗ್ಗ್ಯಾಗ ಐರಣಿ ಕಡೆ ರಾಶಿ ಮಷಿನ್ ಜಗ್ಗೂದು ಒಪ್ಕೊಂಡೇವಿ. ಮಷಿನ್ ಕೆಲಸ ನನ್ನದ. ದಿನಾ ಎಡಗಡೆ ಸೀಟಿನ್ಯಾಗ ನಾ ಕುಂದ್ರಾಕಿ. ಐರಣಿ ಇಳಿಜಾರ ನೀವು ನೋಡೀರಲ್ರಿ."

ರಾಶಿ ಮಷಿನ್ ಎಂದರೆ ತೆನೆಯಿಂದ ಕಾಳು ಬಿಡಿಸುವ ಯಂತ್ರ, ಗಾಡಿಯ ಹಿಂದೆ ಕಟ್ಟಿ ಎಳೆಯುವುದು. ಬ್ರೇಕ್ ನೋಡುವಾಗಲೆಲ್ಲ ನಾವು ಗಾಡಿಯನ್ನು ಖಾಲಿ ಓಡಿಸುತ್ತಿದ್ದೆವು. ಎಲ್ಲ ವರ್ಕ್‌ಶಾಪುಗಳಲ್ಲಿಯೂ ಆಗ ಅದೇ ರೂಢಿ. ನಾನು ಅವತ್ತೇ ಅವರ ಜೊತೆ ಹೊರಟೆ. ಗೋವಿನಜೋಳ ಹೇರಿಸಿ, ಬ್ಯಾಡಗಿ ರಸ್ತೆಯಲ್ಲಿ ಏರು ಇಳಿವು ಓಡಿಸಿ, ನಿಲ್ಲಿಸಿ ಕೆಳಗಿಳಿದು ಕೈಯ ಹಿಂಬದಿ ಹಿಡಿದೆ. ಮುಂದಿನ ಗಾಲಿಗಳ ಹತ್ತಿರ ಕೈ ಇಡಲಾಗಲಿಲ್ಲ, ಹಂಚಿನಂತೆ ಕಾದಿದ್ದವು. ಹಿಂದಿನವುಗಳ ಹತ್ತಿರ ಹಿಡಿದೆ, ಆಮೇಲೆ ಮುಟ್ಟಿಯೇ ನೋಡಿದೆ. ಬಾವಿಯ ದಂಡೆಯ ಹಾಗೆ ತಣ್ಣಗಿದ್ದವು. ಅಷ್ಟು ಭಾರ ಹೊತ್ತ ಗಾಲಿಗಳು ನಿಲ್ಲಿಸುವ ಕೆಲಸಕ್ಕೆ ಕೈಯನ್ನೇ ಹಚ್ಚಿರಲಿಲ್ಲ.

ವರ್ಕ್‌ಶಾಪಿಗೆ ತಂದು ಗಾಡಿ ಎತ್ತಿಸಿದೆವು. ಇನಾಮದಾರ ಸಾಹೇಬರು ಟಾರ್ಚ್ ಹಿಡಿದು ಕೆಳಗೆ ಬಂದರು. ಹಿಂದಿನ ಅಚ್ಚಿನಿಂದ ಮೇಲಿನ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಒಂದು ತೆಳ್ಳನೆಯ ರಾಡು ಹೋಗುತ್ತದೆ, ಬೆರಳಿನಷ್ಟು ದಪ್ಪವೂ ಇಲ್ಲ. ಅದರ ತುದಿಯಲ್ಲಿ ಒಂದು ವಾಲ್ವ್. ನಾವು ದಿನಾ ಒರೆಸಿ ಬಿಡುತ್ತಿದ್ದ ಸಾಮಾನು ಅದು. ಸಾಹೇಬರು ಟಾರ್ಚಿನ ಬೆಳಕನ್ನು ಅದರ ಮೇಲೆ ನಿಲ್ಲಿಸಿದರು. ಆಮೇಲೆ ಫಕ್ಕೀರಪ್ಪನನ್ನು ಕರೆದರು.

"ಫಕ್ಕೀರಪ್ಪ, ಗಾಡೀಗೆ ಕಣ್ಣ ಇಲ್ಲ. ತನ್ನ ಮ್ಯಾಲೆ ಎಷ್ಟ ಹೇರ್ಯಾರ ಅಂತ ಅದಕ್ಕ ಹೆಂಗ ಗೊತ್ತಾಗಬೇಕು?"

"ಹೆಂಗ್ರಿ?"

"ಬೆನ್ನ ಬಾಗಿದಾಗ. ಭಾರ ಬಿದ್ದ ಕೂಡಲೆ ಪಾಟಾ ಬಾಗ್ತಾವ, ಚಾಸಿ ಕೆಳಗ ಬರ್ತದ, ಈ ರಾಡ್ ವಾಲ್ವನ್ನ ಒತ್ತತದ. ಆಗ ಹಿಂದಿನ ಬ್ರೇಕಿಗೆ ಪೂರಾ ಜೋರ್ ಹೋಗ್ತದ. ಬೆನ್ನ ಬಾಗಲಿಲ್ಲ ಅಂದ್ರ ಗಾಡಿ ತಾ ಖಾಲಿ ಇದ್ದೇನಿ ಅಂತ ತಿಳಕೋತದ. ಖಾಲಿ ಗಾಡೀಗೆ ಹಿಂದ ಜೋರ್ ಬ್ರೇಕ್ ಕೊಟ್ಟರ ಗಾಲಿ ಜಾರಿ ಗಾಡಿ ತಿರಗತದ, ಅದಕ್ಕ ಅದು ಹಿಂದಿನ ಬ್ರೇಕ್ ಕಡಿಮಿ ಮಾಡ್ತದ. ನೀ ಎರಡ ಪಾಟಾ ಹಾಕಿಸಿ ಅದರ ಬೆನ್ನ ಬಿಗದಿಟ್ಟೀದಿ. ಈಗ ಎಷ್ಟ ಹೇರಿದ್ರೂ ಪಾಪ ಅದಕ್ಕ ಗೊತ್ತ ಆಗೂದಿಲ್ಲ."

ನಾನು ಆ ರಾಡನ್ನು ನೋಡುತ್ತ ನಿಂತೆ. ವಾಲ್ವಿನ ಹೆಸರು, ಕೆಲಸ ನನಗೆ ಗೊತ್ತಿತ್ತು. ಆದರೆ ಅಂದು ಅದರ ಅರ್ಥ ಎದೆಗೆ ಇಳಿಯಿತು. ಎಲ್ಲಿಯೋ ಕುಳಿತ ಒಬ್ಬರು, ಈ ಗಾಡಿ ಒಮ್ಮೆ ಖಾಲಿ ಹೋಗುತ್ತದೆ, ಒಮ್ಮೆ ತುಂಬಿ ಹೋಗುತ್ತದೆ, ಎರಡೂ ಸಲ ಒಳಗೆ ಮನುಷ್ಯರಿರುತ್ತಾರೆ ಎಂದು ನೆನೆದು, ಒಂದು ತುಂಡು ಕಬ್ಬಿಣಕ್ಕೆ ತೂಕ ಅರಿಯುವ ಬುದ್ಧಿ ಕೊಟ್ಟಿದ್ದರು. ಕದರಮಂಡಲಗಿ ಎಂಬ ಊರಿನ ಹೆಸರನ್ನು ಅವರು ಕೇಳಿರಲಾರರು. ಆದರೂ ಎಡಗಡೆ ಸೀಟಿನಲ್ಲಿ ಕೂಡುವ ನೀಲವ್ವನ ಚಿಂತೆ ಮಾಡಿದ್ದರು. ನನ್ನ ಕಣ್ಣು ತುಂಬಿ ಬಂತು. ಗಾಡಿಯ ಕೆಳಗಿದ್ದುದರಿಂದ ಯಾರಿಗೂ ಕಾಣಲಿಲ್ಲ.

ಫಕ್ಕೀರಪ್ಪ ಮಾತ್ರ ಒಪ್ಪಲಿಲ್ಲ. "ಪಾಟಾ ತಗಸಿದ್ರ ಪ್ಯಾಟ್ಯಾಗ ನನಗ ಯಾರ ಬಾಡಿಗಿ ಕೊಡ್ತಾರ್ರಿ? ನಡಾ ಬಿದ್ದ ಗಾಡಿ ಅಂತಾರ. ಎಲ್ಲಾರೂ ಹಾಕಸ್ಯಾರ, ಎಲ್ಲಾರ ಗಾಡೀನೂ ನಿಂದ್ರತಾವ. ನಾ ಒಬ್ಬಾಂವ ಹುಚ್ಚ ಏನ್ರಿ?" ಎಂದ. ಗಾಡಿಗೆ ಬೆನ್ನಿನ ಮಾತಾದರೆ ಅವನಿಗೆ ಮರ್ಯಾದೆಯ ಮಾತು. ಅವನ ಸಿಟ್ಟು ನನಗೆ ಅರ್ಥವಾಯಿತು.

ನೀಲವ್ವ ಜಗಳ ಮಾಡಲಿಲ್ಲ. "ನಿಂದ್ರತೈತಿ ಅಂದ್ರ ನಿಲ್ಲಿಸಿ ತೋರಸ್ರಿ," ಎಂದಳು ಗಂಡನಿಗೆ. "ತೋರಿಸಿದ್ರ ನಾ ಸುಮ್ನ ಕುಂದರ್ತೇನಿ."

ಬ್ಯಾಡಗಿಯ ಹೊರಗೆ ಮೆಣಸಿನಕಾಯಿ ಒಣಗಿಸುವ ಉದ್ದನೆಯ ಸಿಮೆಂಟ್ ಕಣವೊಂದಿತ್ತು. ಆಗ ಖಾಲಿ ಬಿದ್ದಿತ್ತು, ಕೇಳಿದ್ದಕ್ಕೆ ಮಾಲಿಕ ಹೂಂ ಅಂದ. ಗಾಡಿಯಲ್ಲಿ ಫಕ್ಕೀರಪ್ಪ ಯಾವಾಗಲೂ ಹೇರುವಷ್ಟು ಗೋವಿನಜೋಳ ಹೇರಿದೆವು. ಬ್ರೇಕ್ ಒತ್ತಬೇಕಾದ ಜಾಗಕ್ಕೆ ಸುಣ್ಣದ ಗೆರೆ ಎಳೆದೆ. ನಿಲ್ಲಲೇಬೇಕಾದ ಜಾಗದಲ್ಲಿ, ಮೆಣಸಿನ ತೊಟ್ಟು ತುಂಬಿದ ಒಂದು ಚೀಲವನ್ನು ನಿಲ್ಲಿಸಿದೆ. ಕಂಪನಿಯ ಲೆಕ್ಕದಂತೆ ಗಾಡಿ ಅದಕ್ಕಿಂತ ಸಾಕಷ್ಟು ಮೊದಲೇ ನಿಲ್ಲಬೇಕಿತ್ತು.

ಫಕ್ಕೀರಪ್ಪ ಗಾಡಿ ಹತ್ತಿದ. ಆಗ ನೀಲವ್ವ ಚೀಲದ ಹತ್ತಿರ ಹೋಗಿ, ಮೈಮೇಲಿನ ಅಂಗಿ ಬಿಚ್ಚಿ ಚೀಲಕ್ಕೆ ತೊಡಿಸಿ ಗುಂಡಿ ಹಾಕಿದಳು.

"ಯಾಕಬೇ ಅದು?" ಎಂದು ಗಂಡ ಕೂಗಿದ.

"ಚೀಲಾ ಅಂದ್ರ ನೀವು ಬ್ರೇಕ್ ಜೋರ್ ಒತ್ತೂದಿಲ್ಲ. ನಾನ ಅಂತ ತಿಳಕೊಂಡ ಒತ್ರಿ!" ಎಂದು ಅವಳು ನಗುತ್ತ ದಂಡೆಗೆ ಬಂದಳು.

ಗಾಡಿ ಬಂತು. ಗೆರೆಯ ಮೇಲೆ ಅವನು ಎದ್ದು ನಿಂತವನ ಹಾಗೆ ಬ್ರೇಕ್ ಒತ್ತಿದ್ದು ನನಗೆ ಕಂಡಿತು. ಮುಂದಿನ ಟೈರುಗಳು ಚೀರಿದವು, ಮೂತಿ ನೆಲಕ್ಕೆ ಬಗ್ಗಿತು. ಹಿಂಭಾಗ ಮರದ ಹಲಗೆಯ ಹಾಗೆ ಸೆಟೆದೇ ಇತ್ತು. ಗಾಡಿ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ನೋಡುತ್ತಿದ್ದಂತೆ ಚೀಲಕ್ಕೆ ಬಡಿದು ಅದರ ಮೇಲೆ ಹಾಯ್ದು ನಿಂತಿತು. ತೊಟ್ಟಿನ ದೂಳು ಮೋಡದಂತೆ ಎದ್ದಿತು. ಎಲ್ಲರೂ ಸೀನತೊಡಗಿದೆವು, ಕಣ್ಣಲ್ಲಿ ನೀರು. ದೂಳು ಇಳಿದಾಗ ಫಕ್ಕೀರಪ್ಪ ಕೆಳಗಿಳಿದು ಬಂಪರಿನ ಮುಂದೆ ನಿಂತಿದ್ದ. ಟೈರಿನ ಕೆಳಗಿನಿಂದ ಅಂಗಿಯ ಒಂದು ತೋಳು ಹೊರಗೆ ಚಾಚಿಕೊಂಡಿತ್ತು.

ಅವನು ಕುಕ್ಕರಗಾಲಿನಲ್ಲಿ ಕುಳಿತು ಆ ತೋಳನ್ನು ಹಿಡಿದು ಎಳೆಯತೊಡಗಿದ. ಗಾಡಿ ಹಿಂದಕ್ಕೆ ತೆಗೆಯದೆ ಅದು ಬರುವಂತಿರಲಿಲ್ಲ. ಆದರೂ ಎಳೆದ. ನೀಲವ್ವನೂ ಆಗ ನಗಲಿಲ್ಲ. ಅವನ ಹೆಗಲ ಮೇಲೆ ಕೈಯಿಟ್ಟು, "ಬಿಡ್ರಿ, ಅಂಗಿ ಅದು," ಎಂದಳು.

ರಾಜೇಸಾಬ ಅದೇ ದಿನ ಎರಡೂ ಪಾಟಾ ಬಿಚ್ಚಿದ. "ನಾ ಹಾಕಿದ್ದು ನಾನ ತಗೀತೇನ್ರಿ," ಎಂದ. "ಗಿರಾಕಿ ಬೇಡತಾನ, ನಾ ಹಾಕ್ತೇನಿ. ಆದ್ರ ಈ ರಾಡಿನ ಕತಿ ಖರೇನ ಕೇಳಿರಲಿಲ್ಲ ನೋಡ್ರಿ. ಇನ್ನ ಮ್ಯಾಲೆ ಹೇಳೇ ಹಾಕತೇನಿ." ಅವನು ಮಾತಿಗೆ ತಪ್ಪಲಿಲ್ಲ. ಕೆಲವರು ಕೇಳಿದರು, ಹೆಚ್ಚಿನವರು ಕೇಳಲಿಲ್ಲ. ಫಕ್ಕೀರಪ್ಪ ಗಾಡಿಯ ಮೇಲೆ ಕಂಪನಿಯವರು ಬರೆದಷ್ಟೇ ತೂಕ ಹೇರತೊಡಗಿದ. ಪೇಟೆಯಲ್ಲಿ ಹಮಾಲರು, "ಏನಪಾ ಫಕ್ಕೀರಪ್ಪ, ಗಾಡಿ ನಡಾ ಬಿದ್ದೈತಲ್ಲೋ! ಎಣ್ಣಿ ತಿಕ್ಕ್ಯರ ತಿಕ್ಕು" ಎಂದು ಆಡಿಕೊಂಡರು. ಅವನು ತಲೆ ತಗ್ಗಿಸಿಕೊಂಡು ಹಗ್ಗ ಬಿಗಿಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೆಲವು ಬಾಡಿಗೆಗಳು ಕೈ ಬಿಟ್ಟವು. ಆ ದಿನಗಳಲ್ಲಿ ಅವನು ಮತ್ತೆ ಪಾಟಾ ಹಾಕಿಸಿಬಿಡುತ್ತಾನೇನೋ ಎಂದು ನನಗೆ ಭಯವೇ ಇತ್ತು.

ಈಗಿನ ಹೊಸ ಗಾಡಿಗಳಲ್ಲಿ ನೀವು ಆ ರಾಡನ್ನು ಹುಡುಕಿದರೆ ಬಹಳ ಕಡೆ ಸಿಗುವುದಿಲ್ಲ. ಗಾಲಿ ಜಾರುತ್ತಿದೆಯೇ ಎಂದು 'ಸೆನ್ಸರ್' ನೋಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಒಂದೊಂದು ಗಾಲಿಗೂ ಎಷ್ಟು ಬೇಕೋ ಅಷ್ಟೇ ಬ್ರೇಕ್ ಹಂಚುತ್ತದೆ. ಎವರೇಜ್ ಕೂಡ ಮುಂದಿನ ಪರದೆಯ ಮೇಲೆ ಕುಣಿಯುತ್ತಿರುತ್ತದೆ. ಲ್ಯಾಪ್‌ಟಾಪ್ ಹಚ್ಚಿದರೆ ಗಾಡಿ ತನ್ನ ನೋವು ತಾನೇ ಹೇಳುತ್ತದೆ. ನಾನು ಕೊನೆಯ ವರ್ಷಗಳಲ್ಲಿ ಅದನ್ನೂ ಬೆರಗಾಗಿ ಕಲಿತೆ. ಆದರೆ ಗಾಡಿಯನ್ನು ಮಾಡಿದವರು ಒಂದು ಲೆಕ್ಕ ಇಟ್ಟು ಕಳಿಸಿರುತ್ತಾರೆ, ಅದನ್ನು ತಿಳಿಯದೆ ಅದರ ಮೈಗೆ ಏನನ್ನೂ ಕೂಡಿಸಬೇಡಿ, ಏನನ್ನೂ ಕಳೆಯಬೇಡಿ. ಹೇರಿಸಿಯೂ ಓಡಿಸಿ ನೋಡಿ. ಓಡಿಸಿ ಬಂದ ಮೇಲೆ ಕೈಯ ಹಿಂಬದಿ ಹಿಡಿಯುವುದನ್ನು ಮಾತ್ರ ಬಿಡಬೇಡಿ.

ಫಕ್ಕೀರಪ್ಪನ ಕತೆ ಅಲ್ಲಿಗೆ ಮುಗಿಯಲಿಲ್ಲ. ಆ ವರ್ಷ ಸುಗ್ಗಿ ಶುರುವಾದಾಗ ಸಾಹೇಬರು, "ಚಂದ್ರು, ನೀ ಒಂದ ಸಲ ಅವರ ಕೂಡ ಐರಣಿಗೆ ಹೋಗಿ ಬಾ," ಎಂದರು. ಸಣ್ಣ ರಾಶಿ ಮಷಿನ್, ಆ ಗಾಡಿ ಜಗ್ಗಬಹುದಾದ ಮಿತಿಯೊಳಗಿನದು. ಆದರೆ ಅದಕ್ಕೆ ತನ್ನ ಬ್ರೇಕ್ ಇಲ್ಲ, ಜಗ್ಗುವ ಗಾಡಿಯ ಬ್ರೇಕೇ ಅದರ ಬ್ರೇಕು. ಬಂಡಿ ಹೇರುವಾಗ ಸ್ವಲ್ಪ ಮುಂಭಾರ ಇಡುತ್ತಾರಲ್ಲ, ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಇದಕ್ಕೂ ಅದೇ ನ್ಯಾಯ ಎಂದು ತೋರಿಸಿ, ಮಷಿನ್‌ನ ಮೇಲಿನ ಸಾಮಾನನ್ನು ಮುಂದಕ್ಕೆ ಸರಿಸಿ ಕಟ್ಟಿಸಿದೆ. ಪಿಕಪ್ಪಿನಲ್ಲಿ ಬೀಜದ ಚೀಲಗಳಿದ್ದವು. ಫಕ್ಕೀರಪ್ಪ ಓಡಿಸಿದ, ನಡುವೆ ನೀಲವ್ವ, ಕಿಟಕಿಯ ಬದಿಗೆ ನಾನು.

ಐರಣಿಯ ಹತ್ತಿರ ರಸ್ತೆ ಹೊಳೆಯ ಕಡೆಗೆ ಇಳಿಯುತ್ತದೆ. ತಿರುವು ದಾಟಿದೆವು, ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣ ಹಾಕಿದ್ದರು. ದಂಡೆಗೆ ಕಲ್ಲು ಸಾಲಿಟ್ಟಿದ್ದರು. ಒಬ್ಬ ಮುದುಕಿ ನಮ್ಮ ಕಡೆ ಬೆನ್ನು ಮಾಡಿ, ಕಾಲಿನಿಂದ ಕಾಳು ಹರವುತ್ತ ರಸ್ತೆಯ ನಡುವಿಗೇ ಬಂದಳು. ಆಚೆಯ ಅರ್ಧದಲ್ಲಿ ಎದುರಿನಿಂದ ಬಸ್ಸು ಏರಿ ಬರುತ್ತಿತ್ತು.

ಫಕ್ಕೀರಪ್ಪ ಬ್ರೇಕ್ ಒತ್ತಿದ. ಹಿಂದಿನಿಂದ ಮಷಿನ್ ಗುಮ್ಮೆಂದು ನೂಕಿತು. ನೀಲವ್ವನ ಕೈ ನನ್ನ ತೋಳನ್ನು ಹಿಡಿಯಿತು. ಗಾಡಿಯ ಹಿಂಭಾಗ ಗಟ್ಟಿಯಾಗಿ ನೆಲ ಹಿಡಿದು ಕುಳಿತಂತಾದದ್ದು ನನ್ನ ಬೆನ್ನಿಗೇ ತಿಳಿಯಿತು. ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರ ನಿಂತಿತು. ಕಲ್ಲಿನ ಸಾಲು ಇನ್ನೂ ಮುಂದಿತ್ತು.

ಮುದುಕಿ ತಿರುಗಿ ನೋಡಿದಳು. "ಹಾರ್ನ್ ಹೊಡ್ಯಾಕ ಏನ್ ಧಾಡೀರೋ ನಿಮಗ? ನನ್ನ ಕಾಳ ಚೆಲ್ಲಿದ್ರ ಯಾರ ಬಳೀತಿದ್ರು?" ಎಂದು ಬೈದು, ಮತ್ತೆ ಬೆನ್ನು ತಿರುಗಿಸಿ ಕಾಳು ಹರವತೊಡಗಿದಳು.

ಫಕ್ಕೀರಪ್ಪ ಇಳಿದ. ಮುಂದೆ ಮುದುಕಿಯ ಕಡೆ ಹೋಗುತ್ತಾನೆಂದುಕೊಂಡೆ. ಅವನು ಹಿಂದೆ ಹೋಗಿ ಹಿಂದಿನ ಗಾಲಿಯ ಹತ್ತಿರ ಕುಕ್ಕರಿಸಿ, ಕೈಯ ಹಿಂಬದಿ ಹಿಡಿದ. ಆಮೇಲೆ ಅಂಗೈಯನ್ನೇ ಇಟ್ಟುಬಿಟ್ಟ.

"ಬಿಸಿ ಐತ್ರಿ ಅಣ್ಣಾರ," ಎಂದ. "ಹಿಂದಿಂದೂ ಬಿಸಿ ಐತಿ."

ನೀಲವ್ವ ಇಳಿದು ಬಂದಳು. ಅದೇ ಹಳೆಯ ಅಂಗಿ ತೊಟ್ಟಿದ್ದಳು. ಹರಿದ ತೋಳಿಗೆ ಹೊಲಿಗೆ ಹಾಕಿದ್ದಳು. ಎದೆಯ ಮೇಲಿನ ಟೈರಿನ ಕಲೆ ಎಷ್ಟು ಒಗೆದರೂ ಹೋಗಿರಲಿಲ್ಲ.

"ಕೈ ತಗೀರಿ, ಸುಡತೈತಿ," ಎಂದಳು.

"ಸುಡಲಿ ಬಿಡ," ಎಂದ ಫಕ್ಕೀರಪ್ಪ, ಆ ಕಲೆಯನ್ನೇ ನೋಡುತ್ತ.